ಬೇಸಿನ್: ತುಂಬುತ್ತಲೇ ಇಳಿಯುವ ತಗ್ಗು

ಭೂವಿಜ್ಞಾನದಲ್ಲಿ ‘ಬೇಸಿನ್’ ಎಂದರೆ ಲಕ್ಷಾಂತರ, ಕೋಟ್ಯಂತರ ವರ್ಷ ಹೂಳು ಕೂತು ದಪ್ಪಗಾದ ತಗ್ಗು. ಮೊದಲೇ ಒಂದು ದೊಡ್ಡ ಗುಂಡಿ ಇತ್ತು, ನದಿಗಳು ಆಮೇಲೆ ಅದನ್ನು ತುಂಬಿದವು ಅನ್ನಿಸುತ್ತದೆ ಅಲ್ವಾ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹೂಳು ತುಂಬುತ್ತಿರುವಾಗಲೇ ತಳವೂ ಇಳಿಯುತ್ತಿರುತ್ತದೆ.

ಇದನ್ನು 19ನೇ ಶತಮಾನದಲ್ಲೇ ಗಮನಿಸಿದವರು ಅಮೆರಿಕದ ಭೂವಿಜ್ಞಾನಿ ಜೇಮ್ಸ್ ಹಾಲ್. ಪೂರ್ವ ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಪದರು ಶಿಲೆ ಹಲವು ಕಿಲೋಮೀಟರ್ ದಪ್ಪ. ಆದರೆ ಅದರಲ್ಲಿ ಮತ್ತೆ ಮತ್ತೆ ಕಾಣುವುದು ಆಳವಿಲ್ಲದ ನೀರಿನ ಗುರುತು, ಮರಳಿನ ಮೇಲೆ ಅಲೆ ಮೂಡಿಸಿದ ಗೆರೆಗಳು. ತಳ ಇಳಿಯದೆ ಇದು ಸಾಧ್ಯವೇ ಇಲ್ಲ. ಹೂಳಿನ ಭಾರಕ್ಕೇ ತಳ ಕುಸಿಯಿತು ಎಂದು ಹಾಲ್ ಭಾವಿಸಿದರು. ಭಾರದ ಪಾಲೂ ಇದೆ, ಆದರೆ ಅದೊಂದೇ ಸಾಲದು. ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಶಿಲೆಗಿಂತ ಹೂಳು ಹಗುರ, ಹಾಗಾಗಿ ಹೂಳು ಕೂತಷ್ಟು ದಪ್ಪಕ್ಕೆ ತಳ ಇಳಿಯುವುದಿಲ್ಲ. ಸುಮ್ನೆ ಹೂಳು ಸುರಿಯುತ್ತಾ ಹೋದರೆ ತಗ್ಗು ಬೇಗ ತುಂಬಿಬಿಡುತ್ತದೆ.

ಜಾಗ ಮಾಡಿಕೊಡುವುದು ಭೂಫಲಕಗಳ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ದೊಡ್ಡ ತುಂಡುಗಳ ಚಲನೆ. ಒಂದು ಕಡೆ ಹೊರಪದರ ಎಳೆದು ತೆಳ್ಳಗಾಗಿ, ಬಿರುಕುಬಿಟ್ಟು ಕುಸಿಯುತ್ತದೆ. ಸೈಬೀರಿಯಾದ ಬೈಕಲ್ ಸರೋವರ ಹಾಗೆ ಆದದ್ದು. ಅದರ ನೀರಿನ ಆಳ 1,642 ಮೀಟರ್, ಅದರಡಿ ಇನ್ನೂ ಕಿಲೋಮೀಟರ್‌ಗಟ್ಟಲೆ ಹೂಳು! ಇನ್ನೊಂದು ಕಡೆ ಏಳುತ್ತಿರುವ ಪರ್ವತದ ಭಾರಕ್ಕೆ ಪಕ್ಕದ ನೆಲ ಬಾಗುತ್ತದೆ. ಹಿಮಾಲಯದ ಬುಡದಲ್ಲಿ ಗಂಗಾ ಬಯಲಿನ ತಳ ಬಾಗಿರುವುದು ಹೀಗೆ.

ನನಗೆ ತುಂಬಾ ಇಷ್ಟವಾಗುವ ವಿಷಯ, ಕಲ್ಲಿನ ಕಾಳಿನಲ್ಲೇ ಈ ಚಲನೆಯನ್ನು ಓದಬಹುದು ಎನ್ನುವುದು. ಹಿಮಾಲಯದ ಮುಂದಿನ ಶಿವಾಲಿಕ್ ಬೆಟ್ಟಗಳಲ್ಲಿ ಕೆಳಗಿನ ಪದರುಗಳಲ್ಲಿ ಮಣ್ಣುಗಲ್ಲು ಜಾಸ್ತಿ, ನಡುವೆ ದಪ್ಪ ಮರಳುಗಲ್ಲು, ಮೇಲೆ ಬಂಡೆ ಚೂರು, ನುಣುಪು ಗುಂಡುಕಲ್ಲು. ಪರ್ವತದ ಅಂಚು ಹತ್ತಿರ ಬರುತ್ತಾ ಹೋದಂತೆ ಹೂಳು ಒರಟಾಗುತ್ತಾ ಬಂದಿದೆ.

ಹಾಗಂತ ಗುಂಡುಕಲ್ಲು ಕಂಡ ಕಡೆಯಲ್ಲೆಲ್ಲ ಆಗಷ್ಟೇ ಪರ್ವತ ಎದ್ದಿತ್ತು ಎನ್ನುವಂತಿಲ್ಲ. ಮಳೆ ಹೆಚ್ಚಿದರೂ ನದಿ ದೊಡ್ಡ ಕಲ್ಲು ಉರುಳಿಸಿ ತರುತ್ತದೆ. ಇನ್ನೂ ಸೋಜಿಗವೆಂದರೆ, ಪರ್ವತದ ಬುಡ ಬೇಗ ಬೇಗ ಕುಸಿಯುತ್ತಿದ್ದರೆ ಒರಟು ಕಲ್ಲೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ, ದೂರಕ್ಕೆ ಬರೀ ಮೆತ್ತನೆ ಕೆಸರು ತಲುಪುತ್ತದೆ. ಕುಸಿತ ನಿಧಾನವಾದ ಮೇಲೆಯೇ ಗುಂಡುಕಲ್ಲು ಬಯಲಿನ ಉದ್ದಕ್ಕೂ ಹರಡುವುದು. ಅಂಥ ಜಾಗದಲ್ಲಿ ಪರ್ವತ ಜೋರಾಗಿ ಏಳುತ್ತಿದ್ದ ಕಾಲದ ಗುರುತು ದೂರದ ಆ ಕೆಸರಿನ ಪದರಿನಲ್ಲೇ ಇರಬಹುದು.