ಪಾರ್ಕಿನಲ್ಲಿ ನಾಯಿ ಕಚ್ಚಿದರೆ ಕೇಳೋದು ಯಾರನ್ನ?

ತುಮಕೂರಿನ ಅಮಾನಿಕೆರೆ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವವರಲ್ಲಿ ಎರಡು ಪಂಗಡ. ಕೆಲವರ ಕೈಯಲ್ಲಿ ಕೋಲು, ಕೆಲವರ ಜೇಬಿನಲ್ಲಿ ಬಿಸ್ಕತ್ತು. ಇವರಿಗೂ ಅವರಿಗೂ ಮಾತಿಗೆ ಮಾತು ಬೆಳೆದಾಗ ಚರ್ಚೆಯೆಲ್ಲ ನಾಯಿಯ ಸುತ್ತಲೇ. ಹಿಡಿಸಿ ಹಾಕಬೇಕು ಅಂತ ಒಬ್ಬರು, ಮೂಕಪ್ರಾಣಿ ಪಾಪ ಅಂತ ಇನ್ನೊಬ್ಬರು. ಕಚ್ಚಿಸಿಕೊಂಡವರಿಗೆ ಏನು ಸಿಗಬೇಕು ಅನ್ನೋ ಮಾತು ಬರುವುದೇ ಇಲ್ಲ. ವಾದ ಮಾಡುವವರನ್ನು ದೂರುವಂತೆಯೂ ಇಲ್ಲ ಬಿಡಿ. ನಮ್ಮ ಕಾನೂನು ಕೂಡ ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಹೀಗೇ ಇತ್ತು. ನಾಯಿಯನ್ನು ಏನು ಮಾಡೋದು ಅಂತಲೇ ಯೋಚಿಸುತ್ತಿತ್ತು. ಕಚ್ಚಿಸಿಕೊಂಡವರ ಕಡೆ ತಿರುಗಿ ನೋಡಿದ್ದು ಮೊನ್ನೆ ಮೊನ್ನೆ.

ಶುರುವಾಗಿದ್ದು 1860ರ ಭಾರತೀಯ ದಂಡ ಸಂಹಿತೆಯಿಂದ. ತಾನು ಇಟ್ಟುಕೊಂಡ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದವರಿಗೆ ಅದರ 289ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಕಾಲಕ್ಕೆ ಸಾವಿರ ರೂಪಾಯಿ ಅಂದರೆ ಸಣ್ಣ ದುಡ್ಡಲ್ಲ. ತಮಾಷೆ ಏನೆಂದರೆ, 2024ರ ಜೂನ್ ಮುಗಿಯುವವರೆಗೂ ಅದೇ ಸಾವಿರವೇ ಇತ್ತು. ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದು 291ನೇ ಕಲಂ ಆಯಿತು, ದಂಡ ಐದು ಸಾವಿರದವರೆಗೆ ಏರಿತು. ಜೈಲು ಮಾತ್ರ ಅದೇ ಆರು ತಿಂಗಳು.

ಪಾರ್ಕಿಗೆ ಯಾರೋ ಕರೆತಂದ ಸಾಕುನಾಯಿ ಕಚ್ಚಿದರೆ ಈ ಕಲಂ ಇವತ್ತಿಗೂ ಗಟ್ಟಿ. ಪೊಲೀಸರು ಕೋರ್ಟಿನ ಅನುಮತಿಗೆ ಕಾಯದೆ ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ ಇದು. ‘ರಾಜಿ ಮಾಡ್ಕೊಳ್ಳಿ ಸಾರ್, ಅಕ್ಕಪಕ್ಕದವರು’ ಅಂತ ಠಾಣೆಯಲ್ಲಿ ಹೇಳಿದರೆ ಕೇಳಲೇಬೇಕು ಅಂತೇನಿಲ್ಲ. ಆದರೆ ದಂಡದ ದುಡ್ಡು ಹೋಗುವುದು ಸರ್ಕಾರಕ್ಕೆ. ಅದರಲ್ಲಿ ಒಂದು ಪಾಲನ್ನು ಪರಿಹಾರವಾಗಿ ಕೊಡಿಸುವುದು ಕೋರ್ಟಿಗೆ ಬಿಟ್ಟದ್ದು. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗದೆ ಕಳೆದುಕೊಂಡ ಸಂಬಳ ಬೇಕು ಅಂದರೆ ಮಾಲೀಕರ ಮೇಲೆ ಬೇರೆಯಾಗಿ ಸಿವಿಲ್ ದಾವೆ ಹೂಡಬೇಕು. ಅಲ್ಲಿಗೆ ಹೋದ ಮೇಲೆ ಮಾಮೂಲಿ ಉತ್ತರ ಒಂದಿದೆ: ‘ಅದು ನಮ್ಮನೆ ನಾಯಿ ಅಲ್ಲ, ಸುಮ್ನೆ ಊಟ ಹಾಕ್ತೀವಿ ಅಷ್ಟೇ.’ ಅದಕ್ಕೇ ಕೊರಳಪಟ್ಟಿ, ಹಗ್ಗ, ಹಿಡಿದುಕೊಂಡವರ ಮುಖ ಎಲ್ಲ ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಅರ್ಧ ಕೇಸು ಗೆದ್ದ ಹಾಗೆ.

ಬೀದಿನಾಯಿಗೆ ಮಾಲೀಕರಿಲ್ಲ. ಹಾಗಾಗಿ 1860ರ ಕಾನೂನಿನ ಲೆಕ್ಕದಲ್ಲಿ ಅದು ಕಚ್ಚಿದರೆ ತಪ್ಪಿತಸ್ಥರೇ ಇಲ್ಲ. ಊರಾಡಳಿತಗಳು ಇದಕ್ಕೆ ಕಂಡುಕೊಂಡ ಉಪಾಯ ಕೊಲ್ಲುವುದು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಾಗಲೂ ಬೀದಿನಾಯಿ ಕೊಲ್ಲುವುದಕ್ಕೆ ಅದರಲ್ಲೇ ವಿನಾಯಿತಿ ಇತ್ತು. ಕೊಂದಷ್ಟೂ ನಾಯಿ ಇದ್ದೇ ಇದ್ದವು. ಊಟ ಸಿಗುವ ಜಾಗ ಖಾಲಿಯಾದರೆ ಪಕ್ಕದ ಬೀದಿಯವು ಬಂದು ಸೇರಿಕೊಳ್ಳುತ್ತವೆ, ಅಲ್ವಾ? ಬಹಳ ಕಾಲ ನಾಯಿ ಕೊಲ್ಲುತ್ತಿದ್ದ ಮದ್ರಾಸ್, 1996ರಲ್ಲಿ ಮರಿಯಾಗದಂತೆ ಆಪರೇಷನ್ ಮಾಡಿ ಬಿಡುವ ದಾರಿಗೆ ಬಂತು. 2001ರ ಡಿಸೆಂಬರ್‌ನಲ್ಲಿ ಕೇಂದ್ರದ ನಾಯಿ ಸಂತಾನ ನಿಯಂತ್ರಣ ನಿಯಮಗಳು ಬಂದು ಇದೇ ದೇಶಕ್ಕೆಲ್ಲ ನಿಯಮವಾಯಿತು. ಹಿಡಿ, ಸಂತಾನಹರಣ ಮಾಡು, ರೇಬೀಸ್ ಲಸಿಕೆ ಹಾಕು, ಗುರುತಿಗೆ ಕಿವಿ ಚೂರು ಕತ್ತರಿಸು, ಹಿಡಿದ ಜಾಗದಲ್ಲೇ ಬಿಡು.

ನನಗೆ ಕೇಳಿದರೆ ಈ ವಿಚಾರದಲ್ಲಿ ನಿಜವಾದ ತಿರುವು ಇದೇ, ನಾಯಿಪ್ರೇಮಿಗಳೂ ನಾಯಿದ್ವೇಷಿಗಳೂ ಗಮನಿಸದ ಕಾರಣಕ್ಕೆ. ಕೊಲ್ಲಬೇಡಿ ಅಂತ ಹೇಳುವಾಗಲೇ ಕಾನೂನು ಇನ್ನೊಂದು ಕೆಲಸ ಮಾಡಿತು. ಬೀದಿನಾಯಿಯನ್ನು ಸ್ಥಳೀಯ ಸಂಸ್ಥೆಯ ತಲೆಗೆ ಕಟ್ಟಿತು. ಆಪರೇಷನ್ ಮಾಡಿಸುವ ಹೊಣೆ ಪಾಲಿಕೆಯದು ಅಂದಮೇಲೆ, ಮಾಡಿಸದೆ ಬಿಟ್ಟಿದ್ದಕ್ಕೆ ಪಾಲಿಕೆಯನ್ನು ಕೇಳಬಹುದು. ಆದರೆ ಇದನ್ನು ಕೋರ್ಟುಗಳಲ್ಲಿ ಸಾಧಿಸಿ ತೋರಿಸೋಕೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಹಿಡಿಯಿತು.

ಅಷ್ಟು ವರ್ಷ ಕಚ್ಚಿಸಿಕೊಂಡವರ ಹಕ್ಕು ಅಂತ ಏನಾದರೂ ಇದ್ದರೆ ಅದು ಇಂಜೆಕ್ಷನ್ ಮಾತ್ರ. ಅದೂ ಎಂಥದ್ದು! ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂದರೆ ಈಗಲೂ ನಮ್ಮ ಹಿರಿಯರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಅದರ ಭಯಕ್ಕೇ ಎಷ್ಟೋ ಜನ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತಿಕೊಂಡು ಮನೆಯಲ್ಲೇ ಉಳಿದರು. ಈಗ ಚುಚ್ಚುವುದು ತೋಳಿಗೆ. ಚರ್ಮದ ಪದರಕ್ಕೆ ಕೊಡುವ ಕ್ರಮವಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಅಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್, ಕೊಡಬೇಕು. ಅದನ್ನು ಬಾಯಿಬಿಟ್ಟು ಕೇಳಿ. ಇದಕ್ಕೆಲ್ಲ ಮೊದಲು ಪಾರ್ಕಿನ ನಲ್ಲಿಯ ಕೆಳಗೇ ಕಾಲಿಟ್ಟು, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಕಾನೂನು ಆಮೇಲೆ.

ಪರಿಹಾರದ ಮಾತಿಗೆ ಬರೋಣ. 2016ರಲ್ಲಿ ಸುಪ್ರೀಂ ಕೋರ್ಟು ಕೇರಳದಲ್ಲಿ ನಾಯಿ ಕಚ್ಚಿದವರ ಅಹವಾಲು ಕೇಳಿ ಪರಿಹಾರ ಶಿಫಾರಸು ಮಾಡೋಕೆ ನಿವೃತ್ತ ನ್ಯಾಯಮೂರ್ತಿ ಸಿರಿಜಗನ್ ಅವರ ಸಮಿತಿ ನೇಮಿಸಿತು. ನಮ್ಮ ರಾಜ್ಯದಲ್ಲಿ ದೊಡ್ಡ ಆದೇಶ ಬಂದದ್ದು 2022ರಲ್ಲಿ. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎರಡು ವರ್ಷದ ಮಗುವನ್ನು ಬೀದಿನಾಯಿಗಳು ಕಚ್ಚಿ ಕೊಂದಿದ್ದವು. ಮಗುವಿನ ತಂದೆಗೆ ಹತ್ತು ಲಕ್ಷ ಕೊಡಿ ಅಂತ ಹೈಕೋರ್ಟಿನ ಧಾರವಾಡ ಪೀಠ ಗ್ರಾಮ ಪಂಚಾಯಿತಿಗೆ ಹೇಳಿತು. ನಾಯಿ ಹತೋಟಿ ಪಂಚಾಯಿತಿಯ ಕೆಲಸ, ಅದನ್ನು ಮಾಡದಿದ್ದರೆ ದುಡ್ಡು ಕಟ್ಟಬೇಕು. ಒಂದು ಪಂಚಾಯಿತಿಗೆ ಈ ಮಾತು ಅನ್ವಯಿಸಿದರೆ ಮಹಾನಗರ ಪಾಲಿಕೆಗೆ ಅನ್ವಯಿಸದೆ ಇರುತ್ತದೆಯೇ?

ಮರುವರ್ಷ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಇನ್ನೂ ಮುಂದೆ ಹೋಯಿತು. ಹಲ್ಲಿನ ಒಂದೊಂದು ಗುರುತಿಗೆ ಕನಿಷ್ಠ ಹತ್ತು ಸಾವಿರ, ಮಾಂಸ ಕಿತ್ತು ಬಂದಿದ್ದರೆ ಪ್ರತಿ 0.2 ಸೆಂಟಿಮೀಟರಿಗೆ ಇಪ್ಪತ್ತು ಸಾವಿರ. ಗಾಯಕ್ಕೆ ದರಪಟ್ಟಿ ಹಾಕಿದ ಹಾಗಿದೆ ಅಂತ ನಕ್ಕವರಿದ್ದರು. ಆದರೆ ಅಳತೆ ಒಂದಿದ್ದರೆ ಕಚೇರಿಯಲ್ಲಿ ಚೌಕಾಸಿ ಇರುವುದಿಲ್ಲ. ಆ ತೀರ್ಪು ನಮ್ಮ ರಾಜ್ಯವನ್ನು ಕಟ್ಟಿಹಾಕುವುದಿಲ್ಲ, ವಕೀಲರು ಇಲ್ಲಿ ಎತ್ತಿ ತೋರಿಸಬಹುದು ಅಷ್ಟೇ.

ನಮ್ಮಲ್ಲಿನ ದರ ಬೇರೆ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಲೆಕ್ಕ ಇದು: ಬೀದಿನಾಯಿ ದಾಳಿಯಿಂದ ಅಥವಾ ರೇಬೀಸ್‌ನಿಂದ ಸತ್ತರೆ ಕುಟುಂಬಕ್ಕೆ ಐದು ಲಕ್ಷ. ಕಚ್ಚಿದ್ದಕ್ಕೆ ಐದು ಸಾವಿರ. ಆ ಐದು ಸಾವಿರದಲ್ಲೂ ಕೈಗೆ ಬರುವುದು 3,500. ಉಳಿದ 1,500 ಚಿಕಿತ್ಸೆಯ ಬಾಬ್ತು ಸರ್ಕಾರದ ಆರೋಗ್ಯ ಯೋಜನೆಗಳನ್ನು ನೋಡಿಕೊಳ್ಳುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಅದು ಸಿಗಬೇಕಾದರೆ ಚರ್ಮ ತೂತಾಗಿಯೋ, ಹರಿದೋ, ಕಪ್ಪಗೆ ಕಂದಿಯೋ ಇರಬೇಕು, ಇಲ್ಲವೇ ಹಲವು ಕಡೆ ಕಚ್ಚಿರಬೇಕು. ನಾಲ್ಕು ಹಲ್ಲು ನಾಟಿದರೆ ಚಂಡೀಗಢದಲ್ಲಿ ನಲವತ್ತು ಸಾವಿರ, ತುಮಕೂರಿನಲ್ಲಿ ಮೂರೂವರೆ ಸಾವಿರ. ದಿನಗೂಲಿಯವರು ನಾಲ್ಕು ಸಲ ಇಂಜೆಕ್ಷನ್‌ಗೆ ಹೋಗಿಬರುವಷ್ಟರಲ್ಲಿ ಇದರಲ್ಲಿ ಎಷ್ಟು ಉಳಿಯುತ್ತದೋ ನೋಡಿ. ಸಾಲದು ಅನ್ನಿಸಿದರೆ, ಗಾಯ ದೊಡ್ಡದಿದ್ದರೆ, ಹೈಕೋರ್ಟಿನ ಬಾಗಿಲು ತೆರೆದೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಇನ್ನು ಪಾರ್ಕಿನ ವಿಷಯ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮೊದಲು ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರಿಗೆ ಸಾಗಿಸಿ ಅಂತು. ಹನ್ನೊಂದೇ ದಿನಕ್ಕೆ ದೊಡ್ಡ ಪೀಠ ಅದನ್ನು ತಿದ್ದಿ, ರೇಬೀಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಮಿಕ್ಕವನ್ನು ಲಸಿಕೆ ಹಾಕಿ ವಾಪಸ್ ಬಿಡಿ ಅಂತು. ನವೆಂಬರ್ 7ರ ಆದೇಶದಲ್ಲಿ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಯನ್ನು ಮತ್ತೆ ಅಲ್ಲಿಗೆ ಬಿಡಬಾರದು ಅಂತ ಹೇಳಿತು. ಆ ಪಟ್ಟಿಯಲ್ಲಿ ಪಾರ್ಕು ಇಲ್ಲ. ಅಂದರೆ ನಮ್ಮ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಹಿಡಿದ ನಾಯಿ ಅಲ್ಲಿಗೆ ಮರಳುವಂತಿಲ್ಲ, ಅಮಾನಿಕೆರೆಯಲ್ಲಿ ಹಿಡಿದದ್ದು ಮರಳಬಹುದು. ವಾಕಿಂಗ್ ಮಾಡುವವರಿಗೆ ಸದ್ಯ ಉಳಿದಿರುವ ಆಸರೆ 2023ರ ಹೊಸ ಸಂತಾನ ನಿಯಂತ್ರಣ ನಿಯಮಗಳದು. ಊಟ ಹಾಕುವ ಜಾಗ ಮಕ್ಕಳು ಆಡುವಲ್ಲಿಂದ, ಜನ ಬಂದುಹೋಗುವ ಬಾಗಿಲಿನಿಂದ ದೂರ ಇರಬೇಕು ಅನ್ನುತ್ತದೆ ಅದು. ಗೇಟಿನ ಹತ್ತಿರವೇ ಬಿಸ್ಕತ್ತು ಸುರಿಯುವವರಿಗೆ ಇದನ್ನು ಹೇಳಬಹುದು. ಮೆತ್ತಗೆ ಹೇಳಿ, ಅವರೂ ನಾಳೆ ವಾಕಿಂಗಿಗೆ ಸಿಗುವವರೇ.

ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಪಾರ್ಕಿನ ಬೆಂಚಿನ ಪಕ್ಕದಲ್ಲೇ ಮೀನಖಂಡಕ್ಕೆ ಕಚ್ಚಿತ್ತು. ಅವರು ದೂರು ಕೊಡಲು ಹೋದಾಗ ಒಂದು ಕಚೇರಿಯಲ್ಲಿ ಬಂದ ಉತ್ತರ: ‘ಆ ಪಾರ್ಕು ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಸಾರ್.’ ಇನ್ನೊಂದು ಕಚೇರಿಯಲ್ಲಿ: ‘ಪಾರ್ಕು ನಮ್ಮದಿರಬಹುದು ಮೇಷ್ಟ್ರೇ, ನಾಯಿ ನಮ್ಮದಲ್ಲವಲ್ಲ.’ ಎರಡನೆಯವರು ಗೊತ್ತಿಲ್ಲದೆಯೇ ವಿಷಯದ ಗಂಟು ಬಿಚ್ಚಿಟ್ಟರು. ಬಡಾವಣೆಯ ಪಾರ್ಕು ನಗರಾಭಿವೃದ್ಧಿ ಪ್ರಾಧಿಕಾರದ್ದೋ ಪಾಲಿಕೆಯದ್ದೋ ಅನ್ನುವುದು ಬೇಲಿ, ಬೆಂಚು, ದೀಪದ ಪ್ರಶ್ನೆ. ನಾಯಿಯ ಹೊಣೆ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯದು. ಊರೊಳಗಾದರೆ ಪಾಲಿಕೆ, ಊರಾಚೆ ಆದರೆ ಪಂಚಾಯಿತಿ. ದೂರು ಅಲ್ಲಿಗೇ ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.

ಮೇಷ್ಟ್ರ ಒಪಿಡಿ ಚೀಟಿಯಲ್ಲಿ ‘ನಾಯಿ ಕಡಿತ’ ಅಂತ ಮಾತ್ರ ಇತ್ತು. ಎಲ್ಲಿ ಕಚ್ಚಿತು, ಯಾವ ಹೊತ್ತಿಗೆ, ಬೀದಿನಾಯಿಯೋ ಸಾಕಿದ್ದೋ ಯಾವುದೂ ಇಲ್ಲ. ಪರಿಹಾರದ ಅರ್ಜಿ ನಿಲ್ಲುವುದೂ ಬೀಳುವುದೂ ಆ ಒಂದು ಸಾಲಿನ ಮೇಲೆ. ಡಾಕ್ಟರು ಬರೆಯುವಾಗಲೇ ‘ಪಾರ್ಕಿನ ಹೆಸರೂ ಬರೀರಿ ಸಾರ್, ಬೀದಿನಾಯಿ ಅಂತಲೂ ಬರೀರಿ’ ಅಂತ ಹೇಳೋಕೆ ಸಂಕೋಚ ಬೇಡ. ಗಾಯದ ಫೋಟೋ ಪಟ್ಟಿ ಕಟ್ಟುವ ಮೊದಲೇ ತೆಗೆಯಿರಿ.

ಪಾಲಿಕೆ ತನ್ನ ಕೆಲಸ ಮಾಡಿಲ್ಲ ಅಂತ ತೋರಿಸಬೇಕಾದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ವಾರ್ಡಿನಲ್ಲಿ ಕಳೆದ ಎರಡು ವರ್ಷದಲ್ಲಿ ಎಷ್ಟು ನಾಯಿಗೆ ಆಪರೇಷನ್ ಆಗಿದೆ, ಎಷ್ಟಕ್ಕೆ ಲಸಿಕೆ ಹಾಕಿದ್ದೀರಿ ಅಂತ ಕೇಳಿದರೆ ಸಾಕು. ಉತ್ತರಕ್ಕೆ 30 ದಿನದ ಗಡುವು. ಅಂಕಿ ಬರಲಿ, ‘ಮಾಹಿತಿ ಲಭ್ಯವಿಲ್ಲ’ ಅಂತಲೇ ಬರಲಿ, ಎರಡೂ ಕೋರ್ಟಿನಲ್ಲಿ ಕೆಲಸಕ್ಕೆ ಬರುವ ಕಾಗದವೇ.