ಹತ್ತು ಆಂಪ್‌ಗೂ ಅದೇ ಪರೀಕ್ಷೆ, ಸಾವಿರಕ್ಕೂ ಅದೇ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಜ್‌ಗೆ (ತಂತಿಗಳು ಕೂರುವ ಲೋಹದ ಪಟ್ಟಿಗೆ) ಸೇರಿರುತ್ತವೆ, ಬ್ರಿಜ್ ಒಂದು ವೈರಿನ ಮೂಲಕ ಕೇಬಲ್ಲಿನ ಹೊರಜಾಲರಿಗೆ, ಜಾಲರಿ ಆಂಪ್ಲಿಫೈಯರಿನ, ಅಂದರೆ ಆಂಪಿನ, ಲೋಹದ ಚೌಕಟ್ಟಾದ ಚಾಸಿಗೆ. ಗುಂಯ್ ಎನ್ನುವ ಸದ್ದು ತಗ್ಗಲಿ ಎಂದೇ ಹೀಗೆ ಮಾಡುವುದು. ಅಂದರೆ ನುಡಿಸುವವನು ಅಷ್ಟೂ ಹೊತ್ತು ಚಾಸಿಯನ್ನೇ ಹಿಡಿದು ನಿಂತಿರುತ್ತಾನೆ. ಆಂಪಿನ ಅರ್ಥಿಂಗ್ ಕಡಿದು, ಚಾಸಿಗೆ ಒಳಗೆಲ್ಲೋ ಫೇಸ್ ತಾಗಿದ್ದರೆ, ಹಾಡಲು ತುಟಿಯನ್ನು ಮೈಕಿಗೆ ಮುಟ್ಟಿಸಿದ ಕ್ಷಣ ಕರೆಂಟು ಕೈಯಿಂದ ಬಾಯಿಗೆ ಎದೆಯ ಮೂಲಕವೇ ಹರಿಯುತ್ತದೆ. ಗಿಟಾರ್ ಆಂಪಿನ ಸುರಕ್ಷತಾ ನಿಯಮಗಳಲ್ಲಿ ಬಹಳಷ್ಟು ಈ ಒಂದು ದಾರಿಯನ್ನು ಮುಚ್ಚುವುದಕ್ಕೇ ಇವೆ.

ಡೊಂಬಿವಲಿಯ ಫ್ಲ್ಯಾಟಿನ ಒಂದು ಕೋಣೆಯಲ್ಲೋ ವಸಯಿಯ ಬಾಡಿಗೆ ಗಾಳಾದಲ್ಲೋ (ಸಣ್ಣ ಕಾರ್ಖಾನೆ ಕೋಣೆ) ವಾಲ್ವ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ಆಂಪ್, ಕಟ್ಟಿ ಮಾರಲು ಹೊರಟ ಮುಂಬಯಿ ಕನ್ನಡಿಗ ಮೊದಲು ಲೆಕ್ಕ ಹಾಕುವುದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನ ಬಿಲ್ಲನ್ನು: ಎರಡು ಟ್ರಾನ್ಸ್‌ಫಾರ್ಮರ್, ವಾಲ್ವ್, ಕೆಪಾಸಿಟರ್, ಸ್ಪೀಕರ್, ಪ್ಲೈವುಡ್ ಪೆಟ್ಟಿಗೆ. ಈ ಖರ್ಚು ಎಷ್ಟು ಕಟ್ಟಿದರೆ ಅಷ್ಟು. ಲ್ಯಾಬಿನ ಸುರಕ್ಷತಾ ಪರೀಕ್ಷೆಯ ಖರ್ಚಾದರೋ ಮಾದರಿಗೊಂದು. ಲ್ಯಾಬಿನ ಶುಲ್ಕ, ಕಾಗದಪತ್ರ, ಅಲ್ಲಿ ಸುಟ್ಟುಹೋಗುವ ಸ್ಯಾಂಪಲ್‌ಗಳು ಸೇರಿ 2 ಲಕ್ಷ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಿರಿ. ಸಾವಿರ ಆಂಪ್ ಮಾಡುವ ಕಾರ್ಖಾನೆಗೆ ಅದು ಒಂದಕ್ಕೆ 200 ರೂಪಾಯಿ ಬೀಳುತ್ತದೆ, ಇಪ್ಪತ್ತು ಮಾಡುವವನಿಗೆ 10,000. ಒಮ್ಮೆ ನಪಾಸಾಗಿ ಮತ್ತೆ ಹೋದರೆ ಲಾಭ ಅಲ್ಲೇ ಮುಗಿಯಿತು. ಹಾಗಾಗಿ ಲ್ಯಾಬಿನಲ್ಲಿ ಏನು ನೋಡುತ್ತಾರೆ ಎಂಬುದು ಚಾಸಿಗೆ ಮೊದಲ ತೂತು ಕೊರೆಯುವ ಮುಂಚೆಯೇ ಗೊತ್ತಿರಬೇಕು.

ಅರ್ಥಿಂಗ್‌ನಿಂದ ಶುರುಮಾಡೋಣ. ಟ್ರಾನ್ಸ್‌ಫಾರ್ಮರ್ ಕೂರಿಸಿದ ಬೋಲ್ಟಿಗೇ ಅರ್ಥ್ ವೈರನ್ನೂ ಸಿಕ್ಕಿಸುವುದು ಬಹಳ ಜನ ಮಾಡುವ ತಪ್ಪು. ಆಂಪಿನ ಅದುರಿಗೆ, ಬಸ್ ಪಾರ್ಸೆಲ್ಲಿನಲ್ಲಿ ಮಂಗಳೂರಿಗೆ ಹೋಗುವಾಗಿನ ಕುಲುಕಿಗೆ ಭಾರದ ಟ್ರಾನ್ಸ್‌ಫಾರ್ಮರ್ ಅಲುಗಿ ಬೋಲ್ಟ್ ಸಡಿಲವಾಗುತ್ತದೆ, ಅದರ ಜೊತೆಗೆ ಅರ್ಥಿಂಗೂ ಹೋಗುತ್ತದೆ. ಅರ್ಥ್‌ಗೆಂದೇ ಬೇರೆ ಬೋಲ್ಟ್ ಇರಬೇಕು. ಅದರ ಸುತ್ತ ಪೌಡರ್ ಕೋಟಿಂಗ್ ಕೆರೆದು ಬರಿ ಲೋಹ ಕಾಣಿಸಿ, ಹಲ್ಲಿನ ವಾಶರ್ ಹಾಕಿ, ಕ್ರಿಂಪ್ ಮಾಡಿದ ರಿಂಗ್ ಲಗ್ ಕೂರಿಸಿ, ಮೇಲೆ ಲಾಕ್‌ನಟ್ ಬಿಗಿಯಬೇಕು. ಅರ್ಥ್ ವೈರು ಫೇಸ್, ನ್ಯೂಟ್ರಲ್ ವೈರುಗಳಿಗಿಂತ ಉದ್ದವಿರಲಿ, ಯಾರಾದರೂ ಜಗ್ಗಿದರೆ ಕೊನೆಗೆ ಕಿತ್ತುಬರಬೇಕಾದ್ದು ಅದು. ಮಲ್ಟಿಮೀಟರ್ ಕುಂಯ್ ಎಂದಿತೆಂದು ನೆಮ್ಮದಿಪಡುವಂತಿಲ್ಲ. ಅದು ಕಳಿಸುವುದು ಕೆಲವೇ ಮಿಲಿಆಂಪಿಯರ್, ಒಂದೇ ಎಳೆ ಉಳಿದಿದ್ದರೂ ಕುಂಯ್ ಎನ್ನುತ್ತದೆ. ಹತ್ತಾರು ಆಂಪಿಯರ್ ಹರಿಸಿ ನೋಡಿದಾಗಲೂ ಪವರ್ ಕೇಬಲ್ ಸಿಕ್ಕಿಸುವ ಇನ್‌ಲೆಟ್ಟಿನ ಅರ್ಥ್ ಪಿನ್ನಿನಿಂದ ಚಾಸಿಯವರೆಗೆ ತಡೆ 0.1 ಓಮ್ ದಾಟಬಾರದು.

ಮುಂದಿನದು ಒಳಗಿನ ಹೈ ವೋಲ್ಟೇಜ್. ಎರಡು ಇಎಲ್84, ಮೂರು 12ಎಎಕ್ಸ್7 ವಾಲ್ವ್ ಇರುವ 15 ವ್ಯಾಟಿನ ಆಂಪ್ ತೆಗೆದುಕೊಳ್ಳಿ. ಡಿಸಿ ಸುಮಾರು 330 ವೋಲ್ಟ್. 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಆ ವೋಲ್ಟೇಜಿನಲ್ಲಿ 5.4 ಜೂಲ್ ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ಕಿತ್ತರೂ ಬಿಡುವುದಿಲ್ಲ. ಅದಕ್ಕೆ ಅಡ್ಡವಾಗಿ 220 ಕಿಲೋಓಮ್ ರೆಸಿಸ್ಟರ್ ಹಾಕಿದರೆ 60 ವೋಲ್ಟಿಗೆ ಇಳಿಯಲು ಸುಮಾರು 38 ಸೆಕೆಂಡ್ ಸಾಕು. ರೆಸಿಸ್ಟರ್ ಸುಡುವುದು ಅರ್ಧ ವ್ಯಾಟ್, ಆದ್ದರಿಂದ 2 ವ್ಯಾಟಿನದು ಹಾಕಿ. ಅದರ ವೋಲ್ಟೇಜ್ ಮಿತಿಯನ್ನೂ ನೋಡಿ, ಸಾಮಾನ್ಯ ಕಾಲು ವ್ಯಾಟಿನ ರೆಸಿಸ್ಟರ್ 250 ವೋಲ್ಟಿಗಷ್ಟೇ ಮಾಡಿದ್ದು. ಇದೆಲ್ಲ ರಿಪೇರಿಯವನನ್ನು ಕಾಪಾಡಲು.

ಬಳಕೆದಾರನಿಗೆ ಅಪಾಯ ಬರುವುದು ಪೆಟ್ಟಿಗೆಯ ತೆರೆದ ಹಿಂಬದಿಯಿಂದ. ವಾಲ್ವ್ ಬದಲಿಸಲು ಅವನು ಕೈ ಹಾಕುತ್ತಾನೆ, ಖಾಲಿ ಸಾಕೆಟ್ಟಿನ ತೂತುಗಳ ಹಿಂದೆ 330 ವೋಲ್ಟ್ ಇರುತ್ತದೆ. ಲ್ಯಾಬಿನವರ ಬಳಿ 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದದ, ಗಿಣ್ಣುಗಳಿರುವ ಲೋಹದ ಬೆರಳೊಂದಿದೆ. ಅದನ್ನು ಎಲ್ಲ ಸಂದಿಗಳಲ್ಲೂ ತೂರಿಸಿ ನೋಡುತ್ತಾರೆ. ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಲಾಗದ, ತೂತಿನ ಲೋಹದ ತಗಡೊಂದನ್ನು ಹಿಂಬದಿಗೆ ಹಾಕಿಬಿಟ್ಟರೆ ಈ ತಕರಾರೂ, ಕಾದ ಗಾಜು ಮುಟ್ಟಿ ಕೈ ಸುಡುವ ತಕರಾರೂ ಒಟ್ಟಿಗೆ ತೀರುತ್ತವೆ.

ಮುಂಬಯಿ, ಗೋವಾಗಳ ಮಳೆಗಾಲಕ್ಕೆ ಬೇರೆಯೇ ಲೆಕ್ಕವಿದೆ. ಉಷ್ಣವಲಯದ ಉಪಕರಣವನ್ನು 40 ಡಿಗ್ರಿ, ಶೇ 93ರ ತೇವದಲ್ಲಿ 120 ಗಂಟೆ ಇಟ್ಟು, ಆಮೇಲೆ ವೋಲ್ಟೇಜ್ ಕೊಡುತ್ತಾರೆ: ಫೇಸ್‌ನಿಂದ ಚಾಸಿಗೆ 1500 ವೋಲ್ಟ್, ಎರಡು ಪಟ್ಟು ಇನ್ಸುಲೇಶನ್ ಬೇಕಾದಲ್ಲಿ 3000. ಹಳೆಯ ಆಂಪ್‌ಗಳ ಚಂದಕ್ಕೆ ಮರುಳಾಗಿ ಕಪ್ಪು ಫೈಬರ್ ಬೋರ್ಡ್ ಹಾಕಿದವರು ಪಾಠ ಕಲಿಯುವುದು ಇಲ್ಲೇ. ಆ ಬೋರ್ಡು ತೇವ ಹೀರಿ ತಾನೇ ಕರೆಂಟು ಸಾಗಿಸತೊಡಗುತ್ತದೆ. ಜುಲೈಯಲ್ಲಿ ಆಂಪ್ ಚಟಪಟ ಎನ್ನುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಗ್ಲಾಸ್ ಎಪಾಕ್ಸಿ ಬೋರ್ಡು ಬಳಸಿ, ಬೆಸುಗೆಯ ಫ್ಲಕ್ಸ್ ತೊಳೆಯಿರಿ. 230 ವೋಲ್ಟಿನ ಭಾಗಗಳಿಂದ ಚಾಸಿಗೆ ಮೇಲ್ಮೈ ಉದ್ದಕ್ಕೂ 3 ಮಿಲಿಮೀಟರ್, ಎರಡು ಪಟ್ಟು ಇನ್ಸುಲೇಶನ್ ಬೇಕಾದಲ್ಲಿ 6 ಮಿಲಿಮೀಟರ್ ಬಿಡುವುದು ಆಡಿಯೊ, ವಿಡಿಯೊ ಉಪಕರಣಗಳ ಹಳೆಯ ಭಾರತೀಯ ಸುರಕ್ಷತಾ ಮಾನಕ ಐಎಸ್ 616ರ ಕಾಲದಿಂದ ಬಂದ ರೂಢಿ. ಅದರ ಜಾಗಕ್ಕೆ ಬಂದಿರುವ ಐಎಸ್/ಐಇಸಿ 62368-1ಕ್ಕೂ ಶುರುಮಾಡಲು ಒಳ್ಳೆಯ ಅಳತೆ.

ಟ್ರಾನ್ಸ್‌ಫಾರ್ಮರಿನಲ್ಲಿ ಉಳಿತಾಯ ಬೇಡ. ಮೇಲಿನ ಐದು ವಾಲ್ವ್‌ಗಳ ಹೀಟರ್‌ಗಳೇ 2.42 ಆಂಪಿಯರ್ ಎಳೆಯುತ್ತವೆ, 3 ಆಂಪಿಯರಿನ ಸುತ್ತು ಬೇಕು. ನಮ್ಮ ಲೈನ್ 230 ವೋಲ್ಟಿಗಿಂತ ಶೇ 10 ಏರಬಹುದು. 253 ವೋಲ್ಟಾದಾಗ 6.3 ವೋಲ್ಟಿನ ಹೀಟರಿಗೆ 6.93 ಸಿಗುತ್ತದೆ, ವಾಲ್ವಿನ ಮೇಲ್ಮಿತಿಯೂ ಅಷ್ಟೇ. 220 ವೋಲ್ಟಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆ ಮಿತಿ ದಾಟಿತು. ಲ್ಯಾಬಿನಲ್ಲಿ ಔಟ್‌ಪುಟ್ ವಾಲ್ವ್ ಶಾರ್ಟ್ ಆದಂತೆ ಮಾಡಿ ಕಾದು ನೋಡುತ್ತಾರೆ. ಫ್ಯೂಸ್ ಹೋಗಬೇಕು ಇಲ್ಲವೇ ಸುತ್ತಿನೊಳಗಿನ ಥರ್ಮಲ್ ಫ್ಯೂಸ್ ಕಡಿಯಬೇಕು, ಹೊಗೆ ಬೆಂಕಿ ಆಗಬಾರದು.

ಇನ್ನು ಕಾನೂನು. ಎಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿ ಆದೇಶ 2012ರಲ್ಲಿ ಬಂತು, 2021ರಲ್ಲಿ ಹೊಸ ರೂಪ ಪಡೆಯಿತು. ಅದರ ಪಟ್ಟಿಯಲ್ಲಿ ಇನ್‌ಪುಟ್ ಪವರ್ 2000 ವ್ಯಾಟ್ ಮತ್ತು ಮೇಲಿನ ಆಂಪ್ಲಿಫೈಯರ್‌ಗಳಿವೆ, ಬೇರೆ ಸಾಲಿನಲ್ಲಿ ಎಲೆಕ್ಟ್ರಾನಿಕ್ ಮ್ಯೂಸಿಕಲ್ ಸಿಸ್ಟಂಗಳೂ ಇವೆ. 15 ವ್ಯಾಟ್ ತಾನೇ ಎಂದು ನೀವೇ ತೀರ್ಮಾನಿಸಬೇಡಿ. ಅಂಧೇರಿ ಪೂರ್ವದ ಎಂಐಡಿಸಿ ಕೈಗಾರಿಕಾ ವಲಯದ ಮಾನಕಾಲಯದಲ್ಲಿರುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಚೇರಿಗೆ ಸರ್ಕಿಟ್ ಸಮೇತ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಸರ್ಕಾರಿ ಲ್ಯಾಬ್ ಇಆರ್‌ಟಿಎಲ್ ಪಶ್ಚಿಮವೂ ಅದೇ ಎಂಐಡಿಸಿಯಲ್ಲಿದೆ. ನೋಂದಣಿ ಬೇಡ ಎಂಬ ಉತ್ತರ ಬಂದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆ ತಪ್ಪುವುದಿಲ್ಲ. 2022ರ ಇ-ತ್ಯಾಜ್ಯ ನಿಯಮಗಳಿಂದ ಸೂಕ್ಷ್ಮ ಉದ್ಯಮಗಳಿಗೆ ವಿನಾಯಿತಿ ಇದೆ, ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಮಾಡಿಸಿಟ್ಟುಕೊಳ್ಳಿ. ಜಿಎಸ್‌ಟಿಯ 40 ಲಕ್ಷದ ಮಿತಿ ನೆಚ್ಚಿಕೊಂಡವರು ಹುಬ್ಬಳ್ಳಿಗೆ ಒಂದು ಆಂಪ್ ಮಾರಿದರೂ ರಾಜ್ಯದಾಚೆಯ ಮಾರಾಟವಾಗಿ ನೋಂದಣಿ ಬೇಕಾಗುತ್ತದೆ. ಯುರೋಪಿಗೆ ಕಳಿಸುವುದಾದರೆ ಸೀಸದ ಸೋಲ್ಡರ್ ನಡೆಯುವುದಿಲ್ಲ.

ಖರ್ಚು ಹಂಚುವ ಜಾಣತನ ಇರುವುದು ವಿನ್ಯಾಸದಲ್ಲಿ. ಪವರ್ ಸಪ್ಲೈ, ಚಾಸಿ, ಟ್ರಾನ್ಸ್‌ಫಾರ್ಮರ್ ಒಂದೇ ಇಟ್ಟು, ಟೋನ್ ವಿಭಾಗ ಮಾತ್ರ ಬದಲಿಸಿ ಮೂರು ಆಂಪ್ ರೂಪಿಸಿದರೆ ಅವನ್ನು ಒಂದೇ ಸರಣಿಯಾಗಿ ಲ್ಯಾಬಿನ ಮುಂದಿಡಬಹುದು. ಇನ್‌ಲೆಟ್, ಸ್ವಿಚ್, ಫ್ಯೂಸ್ ಹೋಲ್ಡರ್, ಮೇನ್ಸ್ ಲೈನಿಗೆ ಹಾಕುವ ಎಕ್ಸ್2, ವೈ2 ಕೆಪಾಸಿಟರ್‌ಗಳನ್ನು ಪ್ರಮಾಣಪತ್ರ ಇರುವವನ್ನೇ ಕೊಳ್ಳಿ. ಐವತ್ತು ರೂಪಾಯಿ ಉಳಿಸಲು ಹೋಗಿ ಆ ಬಿಡಿಭಾಗವನ್ನೂ ನೀವೇ ಪರೀಕ್ಷೆ ಮಾಡಿಸುವ ಪಾಡು ಬೇಡ. ಜಾಲಹಳ್ಳಿಯ ಬಿಇಎಲ್ 1961ರಿಂದ ಫಿಲಿಪ್ಸ್ ಸಹಯೋಗದಲ್ಲಿ ಮಾಡಿದ ಹಳೆಯ ವಾಲ್ವ್‌ಗಳು ಸಿಕ್ಕರೆ ಸ್ವಂತಕ್ಕೆ ಇಟ್ಟುಕೊಳ್ಳಿ, ಮಾರುವ ಮಾದರಿಯನ್ನು ಈಗಲೂ ತಯಾರಾಗುತ್ತಿರುವ ವಾಲ್ವ್ ಮೇಲೆ ಕಟ್ಟಿ. ಟ್ರಾನ್ಸ್‌ಫಾರ್ಮರ್ ಸುತ್ತುವವರ ಹೆಸರು ಲ್ಯಾಬಿನ ವರದಿಯಲ್ಲಿ ಬರುತ್ತದೆ, ಅವರು ಕೈಕೊಟ್ಟರೆ ವರದಿಯೂ ಬದಲಾಗಬೇಕು. ಮೊದಲ ಸಲವೇ ಇಬ್ಬರಿಂದ ಸುತ್ತಿಸಿ, ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಕೊಡಿ.