ಎ ಎದುರಿಗೆ ಟಿ, ಜಿ ಎದುರಿಗೆ ಸಿ: ಈ ಜೋಡಿ ಲೆಕ್ಕ ಸಿಕ್ಕಿದ್ದು ಹೇಗೆ

ಡಿಎನ್‌ಎನಲ್ಲಿ ಅಡೆನಿನ್ ಎದುರಿಗೆ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್ ಅಂತ ಪಿಯುಸಿ ಬಯಾಲಜಿಲಿ ಎಲ್ರೂ ಬಾಯಿಪಾಠ ಮಾಡಿರ್ತೀವಿ. ಆದ್ರೆ ಇದನ್ನ ಯಾರೋ ಮೈಕ್ರೋಸ್ಕೋಪಲ್ಲಿ ನೋಡಿ ಹೇಳಿದ್ದಲ್ಲ, ಲೆಕ್ಕ ಕೈಯಲ್ಲಿದ್ರೂ ಅದರ ಅರ್ಥ ಹೊಳೆಯೋಕೆ ವರ್ಷಗಳೇ ಹಿಡೀತು.

ಡಿಎನ್‌ಎ ಸಿಕ್ಕಿದ್ದು 1869ರಲ್ಲೇ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಗಾಯದ ಬ್ಯಾಂಡೇಜಿನ ಕೀವಿಂದ ತೆಗೆದಿದ್ರು. ಆಮೇಲೆ ಬಹಳ ಕಾಲ ಎ, ಟಿ, ಜಿ, ಸಿ ಅನ್ನೋ ನಾಲ್ಕು ಬೇಸ್ ಸಮಸಮವಾಗಿ ಮತ್ತೆ ಮತ್ತೆ ಬರೋ ಸಾದಾ ವಸ್ತು ಇದು, ವಂಶದ ಗುಣ ಹೊರೋದು ಪ್ರೋಟೀನೇ ಅಂತ ನಂಬಿದ್ರು. 1944ರಲ್ಲಿ ನ್ಯೂಯಾರ್ಕಿನ ಆಸ್ವಾಲ್ಡ್ ಏವರಿ ತಂಡ ಬ್ಯಾಕ್ಟೀರಿಯಾದ ಗುಣ ಬದಲಾಯಿಸೋದು ಡಿಎನ್‌ಎ ಅಂತ ತೋರಿಸ್ತು, ಅದನ್ನ ಓದಿದ ಅರ್ವಿನ್ ಚಾರ್ಗಾಫ್ ಅನ್ನೋ ಬಯೋಕೆಮಿಸ್ಟ್ ತಮ್ಮ ಲ್ಯಾಬಿನ ಕೆಲಸಾನೇ ಆ ಕಡೆ ತಿರುಗಿಸಿಬಿಟ್ರು. ಫಿಲ್ಟರ್ ಪೇಪರ್ ಮೇಲೆ ಬೇಸ್‌ಗಳನ್ನ ಬಿಡಿಸಿ ಒಂದೊಂದು ಎಷ್ಟಿದೆ ಅಂತ ಅಳೆದ್ರೆ, ಮನುಷ್ಯರಲ್ಲಿ ಎ ಸುಮಾರು ನೂರಕ್ಕೆ 30, ಟಿನೂ ಅಷ್ಟೇ, ಜಿ ಸುಮಾರು 20, ಸಿನೂ ಅಷ್ಟೇ. ಬೇರೆ ಜೀವಿ ತಗೊಂಡ್ರೆ ಪ್ರಮಾಣ ಬದಲಾಗುತ್ತೆ, ಈ ಸಮ ಮಾತ್ರ ತಪ್ಪಲ್ಲ. 1950ರಲ್ಲಿ ಪ್ರಕಟಿಸಿದ್ರು, ಯಾಕೆ ಹೀಗೆ ಅಂತ ಅವ್ರಿಗೂ ಗೊತ್ತಾಗ್ಲಿಲ್ಲ.

ಕೇಂಬ್ರಿಡ್ಜಲ್ಲಿ ಡಿಎನ್‌ಎ ಆಕಾರ ಹುಡುಕ್ತಿದ್ದ ಜೇಮ್ಸ್ ವಾಟ್ಸನ್ ಎ ಜೊತೆ ಎ, ಜಿ ಜೊತೆ ಜಿ ಕೂರಿಸೋಕೆ ಒದ್ದಾಡ್ತಿದ್ರು. ಅದೇ ರೂಮಲ್ಲಿ ಕೂರ್ತಿದ್ದ ಜೆರಿ ಡೊನೊಹ್ಯೂ ಅನ್ನೋ ಕೆಮಿಸ್ಟ್, ನೀವು ಪಠ್ಯಪುಸ್ತಕದಿಂದ ಇಳಿಸ್ಕೊಂಡಿರೋ ರೂಪಾನೇ ತಪ್ಪು, ಹೈಡ್ರೋಜನ್ ಇರೋ ಜಾಗ ಬೇರೆ ಅಂದ್ರು. ವರ್ಕ್‌ಶಾಪಿಂದ ತಗಡಿನ ಮಾಡೆಲ್ ಇನ್ನೂ ಬಂದಿರಲಿಲ್ಲ, ಅದಕ್ಕೆ ವಾಟ್ಸನ್ ರಟ್ಟಲ್ಲೇ ಬೇಸ್‌ಗಳ ಆಕಾರ ಕತ್ತರಿಸ್ಕೊಂಡು 1953ರ ಫೆಬ್ರವರಿ 28ರ ಬೆಳಿಗ್ಗೆ ಟೇಬಲ್ ಮೇಲೆ ಹಿಂದೆ ಮುಂದೆ ಸರಿಸ್ತಾ ಕೂತ್ರು. ದೊಡ್ಡ ಎ ಪಕ್ಕ ಚಿಕ್ಕ ಟಿ, ದೊಡ್ಡ ಜಿ ಪಕ್ಕ ಚಿಕ್ಕ ಸಿ ಇಟ್ರೆ ಎರಡು ಜೋಡಿನೂ ಒಂದೇ ಅಳತೆ! ಈ ಜೋಡಿಗಳನ್ನೇ ಮೆಟ್ಟಿಲು ಮಾಡಿ ಎರಡು ಎಳೆ ಕೂಡಿಸಿದ ಡಿಎನ್‌ಎ ಏಣಿ ಎಲ್ಲೂ ಉಬ್ಬಲ್ಲ, ಕುಗ್ಗಲ್ಲ, ಚಾರ್ಗಾಫ್ ಲೆಕ್ಕಾನೂ ತಾನಾಗೇ ಕೂತ್ಕೊಳ್ತು. ಏಪ್ರಿಲ್ 25ಕ್ಕೆ ಫ್ರಾನ್ಸಿಸ್ ಕ್ರಿಕ್ ಜೊತೆ ಬರೆದಿದ್ದು ನೇಚರಲ್ಲಿ ಬಂತು. ಆ ಏಣಿಯ ಅಳತೆಗೆ ಆಧಾರ ರೋಸಲಿಂಡ್ ಫ್ರಾಂಕ್ಲಿನ್ ಅವ್ರ ಎಕ್ಸ್‌ರೇ ಕೆಲಸ, ಅದೂ ಅವ್ರಿಗೆ ತಿಳಿಸದೇ ನೋಡಿದ್ದು. ಈ ಕೆಲಸಕ್ಕೆ 1962ರಲ್ಲಿ ನೊಬೆಲ್ ಬಂದ ಹೊತ್ತಿಗೆ ಫ್ರಾಂಕ್ಲಿನ್ ತೀರಿಹೋಗಿ ನಾಲ್ಕು ವರ್ಷ ಆಗಿತ್ತು, ಚಾರ್ಗಾಫ್ ಇದ್ರೂ ಅವ್ರಿಗೆ ಸಿಗ್ಲಿಲ್ಲ, ನನಗಂತೂ ಇದು ಅನ್ಯಾಯ ಅನ್ಸುತ್ತೆ.

ಇನ್ನೊಂದು ವಿಷ್ಯ, ವಾಟ್ಸನ್-ಕ್ರಿಕ್ ಮಾಡೆಲಲ್ಲಿ ಎ-ಟಿ ಥರಾನೇ ಜಿ-ಸಿ ಮಧ್ಯೆನೂ ಎರಡೇ ಹೈಡ್ರೋಜನ್ ಬಂಧ (ಜೋಡಿಯನ್ನ ಹಿಡಿದಿಡೋ ಸಡಿಲ ಕೊಂಡಿ) ಇತ್ತು, ಮೂರಿದೆ ಅಂತ ಅಮೆರಿಕದ ಕೆಮಿಸ್ಟ್‌ಗಳಾದ ಪೌಲಿಂಗ್ ಮತ್ತು ಕೋರಿ ತೋರಿಸಿದ್ದು 1956ರಲ್ಲಿ.

ಜೋಡಿ ಖಚಿತ ಇರೋದ್ರಿಂದಾನೇ ಒಂದು ಎಳೆ ನೋಡ್ಕೊಂಡು ಇನ್ನೊಂದು ಎಳೆ ಕಟ್ಟೋಕಾಗೋದು. ಒಂದೊಂದು ಹೊಸ ಡಿಎನ್‌ಎಲೂ ಒಂದು ಹಳೇ ಎಳೆ, ಒಂದು ಹೊಸ ಎಳೆ ಇರುತ್ತೆ ಅಂತ 1958ರಲ್ಲಿ ಮೆಸೆಲ್ಸನ್, ಸ್ಟಾಲ್ ಪ್ರಯೋಗ ಮಾಡಿ ತೋರಿಸಿದ್ರು. ನಮ್ಮಲ್ಲಿ ಅಪ್ಪನ ಕಡೆಯಿಂದ ಸುಮಾರು 300 ಕೋಟಿ ಜೋಡಿ, ಅಮ್ಮನ ಕಡೆಯಿಂದ ಅಷ್ಟೇ. ಅದ್ರಲ್ಲಿ ಹಿಮೋಗ್ಲೋಬಿನ್ ಜೀನಿನ ಒಂದೇ ಒಂದು ಕಡೆ ಎ ಇರೋ ಜಾಗಕ್ಕೆ ಟಿ ಬಂದ್ರೆ, ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗೋ ಸಿಕಲ್ ಸೆಲ್ ಬರ್ಬಹುದು. ನಮ್ಮ ಮೈಸೂರು, ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲಿ ಈ ಕಾಯಿಲೆ ಇದೆ, ಅಲ್ಲಿ ರಕ್ತ ತಗೊಂಡು ಹುಡುಕೋದು ಆ ಒಂದು ಜೋಡಿ ಬದಲಾಗಿ ಹುಟ್ಟಿದ ಹಿಮೋಗ್ಲೋಬಿನ್ನನ್ನೇ. ಅಪ್ಪ ಅಮ್ಮ ಇಬ್ರಿಂದಲೂ ಅದೇ ಬಂದ ಮಗುಗೆ ಕೈಕಾಲು, ಮೂಳೆ ನೋವು ಮತ್ತೆ ಮತ್ತೆ ಕಾಡುತ್ತೆ, ಒಬ್ರಿಂದ ಮಾತ್ರ ಬಂದ್ರೆ ಸಾಮಾನ್ಯವಾಗಿ ತೊಂದ್ರೆನೇ ಗೊತ್ತಾಗಲ್ಲ.